ಹುಟ್ಟದೆ ಹೋದ ಕೂಸು

ಸೀಮಂತ ಮುಗಿಸಿ, ಹಸಿರು ಬಳೆ ತೊಟ್ಟು, ಹುಣಸೂರಿನ ಕಡೆಯ ತನ್ನ ತವರಿಗೆ ಬಂದ ಹೆಣ್ಣುಮಗಳೊಬ್ಬಳು ಒಂದು ಬೆಳಗ್ಗೆ ‘ಕೂಸು ಮಿಸುಕುತ್ತಿಲ್ಲ’ ಎನ್ನುತ್ತಾಳೆಂದು ಭಾವಿಸೋಣ. ಆಸ್ಪತ್ರೆಯಲ್ಲಿ ಹೆರಿಗೆಯಾಗುತ್ತದೆ, ಅಳು ಕೇಳಿಸುವುದಿಲ್ಲ. ಮನೆಯ ಗಂಡಸರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಹೂಳಿ ಬರುತ್ತಾರೆ. ತಾಯಿಗೆ ಅದರ ಮುಖವನ್ನು ತೋರಿಸುವುದಿಲ್ಲ. ನೋಡಿದರೆ ಮರೆಯಲಾರಳು ಎಂಬುದು ಹಿರಿಯರ ಕಾಳಜಿ. ಮೂರನೆಯ ದಿನ ಆಕೆಯ ಎದೆಯಲ್ಲಿ ಹಾಲು ಇಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವ ಊರಿಗೂ ಇಂಥ ಸಂಗತಿ ಹೊಸದಲ್ಲ. ಕುಡಿಯುವ ಬಾಯಿ ಇಲ್ಲದಿದ್ದರೂ ಹಾಲು ಬಂದುದೇಕೆ? ಈ ಪ್ರಶ್ನೆಯಿಂದಲೇ ನಾವು ತೊಡಗೋಣ.

ಬಸಿರಿನ ಸುಮಾರು 16ನೆಯ ವಾರದಿಂದಲೇ ಸ್ತನಗಳು ಹಾಲೂಡಲು ಸಿದ್ಧವಾಗತೊಡಗುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಸ್ರವಿಸಿ ಅವನ್ನು ಪ್ರಚೋದಿಸುತ್ತದೆ. ಆದರೆ ಗರ್ಭಕೋಶದಲ್ಲಿರುವ ಮಾಸು ಪ್ರೊಜೆಸ್ಟೆರೋನ್ ಎಂಬ ಮತ್ತೊಂದು ರಸವನ್ನು ಹರಿಯಿಸಿ ಹಾಲನ್ನು ತಡೆದಿಟ್ಟಿರುತ್ತದೆ. ಮಾಸು ಹೊರಬಿದ್ದೊಡನೆ ಈ ತಡೆ ತಪ್ಪುತ್ತದೆ. ಎರಡು ಮೂರು ದಿನಗಳಲ್ಲಿ ಹಾಲು ಕೂಡುತ್ತದೆ. ದೇಹವು ಗಮನಿಸುವುದು ಮಾಸು ಬಿದ್ದುದನ್ನು ಮಾತ್ರ. ಶಿಶು ಉಸಿರಾಡಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಈ ಮಾತನ್ನು ತಾಯಿಗೆ ಮೊದಲೇ ಹೇಳುವವರು ವಿರಳವೆಂಬುದು ನಮಗೆ ವಿಷಾದದ ಸಂಗತಿ.

ನಮ್ಮ ಪ್ರಾಚೀನ ವೈದ್ಯರು ನಾಲ್ಕನೆಯ ತಿಂಗಳವರೆಗಿನ ನಷ್ಟವನ್ನು ಗರ್ಭಸ್ರಾವವೆಂದೂ, ಅವಯವಗಳು ಗಟ್ಟಿಯಾದ ಮೇಲೆ ಐದು ಆರನೆಯ ತಿಂಗಳುಗಳಲ್ಲಿ ಆಗುವುದನ್ನು ಗರ್ಭಪಾತವೆಂದೂ ಬೇರ್ಪಡಿಸಿದ್ದರು. ಇಂದು 28 ವಾರ ತುಂಬಿದ ಅನಂತರ ಜೀವವಿಲ್ಲದೆ ಹುಟ್ಟಿದರೆ ಅದನ್ನು ಮೃತಜನನವೆಂದು ಎಣಿಸುವುದು ವಾಡಿಕೆ. 2021ರಲ್ಲಿ ಲೋಕದಲ್ಲಿ ಇಂಥವು ಸುಮಾರು 19 ಲಕ್ಷ.

ಮೊದಲ ತಿಂಗಳುಗಳ ನಷ್ಟವಾದರೋ ಇದಕ್ಕಿಂತ ಬಹಳ ಸಾಮಾನ್ಯ. ನಿಶ್ಚಿತವಾಗಿ ಗೊತ್ತಾದ ನೂರು ಬಸಿರುಗಳಲ್ಲಿ ಹತ್ತರಿಂದ ಹದಿನೈದು ಹೀಗೆ ಕೊನೆಗೊಳ್ಳುತ್ತವೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆಯೆಂಬುದು 1956ರಲ್ಲಿ ಸ್ಥಿರಪಟ್ಟಿತು. ಅಂಡ ಮತ್ತು ರೇತಸ್ಸಿನ ಕಣಗಳು ರೂಪುಗೊಳ್ಳುವಾಗ, ಇಲ್ಲವೆ ಅವು ಕೂಡಿ ಮೊದಲ ಬಾರಿ ಒಡೆಯುವಾಗ, ಈ ಲೆಕ್ಕದಲ್ಲಿ ಒಂದು ಹೆಚ್ಚು ಕಡಮೆಯಾದರೆ ಭ್ರೂಣ ಬಹುಮಟ್ಟಿಗೆ ಬಾಳದು. ಮೊದಲ ಮೂರು ತಿಂಗಳ ನಷ್ಟಗಳಲ್ಲಿ ಸುಮಾರು ಅರ್ಧಕ್ಕೆ ಇದೇ ಕಾರಣ. ಹೀಗಿರಲು, ಒಂದು ಹೋಳು ಮಾಗಿದ ಪರಂಗಿ ಹಣ್ಣು ತಿಂದಳೆಂದು, ಗ್ರಹಣದ ದಿನ ಅಂಗಳಕ್ಕೆ ಇಳಿದಳೆಂದು, ಕಣ್ಣು ತಾಗಿತೆಂದು ಸೊಸೆಯನ್ನು ದೂರುವ ಅತ್ತೆಯೂ, ತನ್ನನ್ನೇ ದೂರಿಕೊಳ್ಳುವ ಸೊಸೆಯೂ ಇಬ್ಬರೂ ತಪ್ಪಿದ್ದಾರೆ.

ತುಂಬಿದ ತಿಂಗಳುಗಳಲ್ಲಿ ಮಾತು ಬೇರೆ. ರಕ್ತದ ಏರೊತ್ತಡ, ರಕ್ತಹೀನತೆ, ಸಕ್ಕರೆ ಕಾಯಿಲೆ, ಮಾಸು ಅಕಾಲದಲ್ಲಿ ಕಳಚುವುದು, ಸೋಂಕು, ಹೆರಿಗೆಯಲ್ಲಿ ತಡ: ಇವುಗಳಲ್ಲಿ ಹಲವನ್ನು ತಡೆಯಬಹುದು. ಈ ಸೀಮೆಯವರು ಹೊಗೆಸೊಪ್ಪನ್ನೂ ನೆನೆಯಬೇಕು. ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ಸೊಪ್ಪು ಮಳೆಗಾಲದ ಬೆಳೆ. ನೆನೆದ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಅಂಗೈಯ ಚರ್ಮದ ಮೂಲಕವೇ ರಕ್ತವನ್ನು ಸೇರಿ ತಲೆಸುತ್ತು, ವಾಂತಿಗಳನ್ನು ತರಬಲ್ಲುದು. ಬಸುರಿಯಲ್ಲಿ ಇದನ್ನು ಬಯಕೆಯ ವಾಂತಿಯೆಂದು ಬಗೆಯುವುದು ಬಲು ಸುಲಭ! ನಿಕೋಟಿನ್ ಮಾಸನ್ನು ದಾಟಿ ಶಿಶುವನ್ನೂ ಮುಟ್ಟುತ್ತದೆ. ಎಲೆಯಡಿಕೆಯೊಡನೆಯೋ ಬರಿದಾಗಿಯೋ ಹೊಗೆಸೊಪ್ಪು ಜಗಿಯುವ ಬಸುರಿಯರಲ್ಲಿ ಮೃತಜನನ ಹೆಚ್ಚೆಂದು ಮುಂಬಯಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. ಕೂಸಿನ ಮಿಸುಕಾಟ ಕುಗ್ಗಿದರೆ ನಾಳೆಗೆ ನಿಲ್ಲದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಬೀಳ್ಕೊಡುವ ಮಾತು. ತಾಯಿಗೆ ಕೂಸನ್ನು ತೋರಿಸಬೇಕೇ ಬೇಡವೇ? ಪಶ್ಚಿಮದ ಆಸ್ಪತ್ರೆಗಳೂ ಹಿಂದೆ ನಮ್ಮ ಹಿರಿಯರಂತೆಯೇ ಮರೆಮಾಡುತ್ತಿದ್ದುವು. 1970ರ ದಶಕದ ಅನಂತರ ಎತ್ತಿಕೊಳ್ಳುವಂತೆ ಹುರಿದುಂಬಿಸತೊಡಗಿದವು. 2002ರಲ್ಲಿ ಬ್ರಿಟನ್ನಿನ ಒಂದು ಚಿಕ್ಕ ಅಧ್ಯಯನವು ಎತ್ತಿಕೊಂಡವರಲ್ಲಿಯೇ ಖಿನ್ನತೆ ಹೆಚ್ಚೆಂದಿತು. ಅನಂತರ ಸ್ವೀಡನ್ನಿನಲ್ಲಿ ನಡೆದ ಅಧ್ಯಯನಗಳಲ್ಲಿ, ತಿಂಗಳು ತುಂಬಿದ ಶಿಶುವನ್ನು ಎತ್ತಿಕೊಂಡ ತಾಯಂದಿರಿಗೆ ಒಳಿತಾದುದೇ ಕಂಡುಬಂತು. ಆದಕಾರಣ ಬಲವಂತವೂ ಸಲ್ಲದು, ನಿಷೇಧವೂ ಸಲ್ಲದು. ತಾಯಿಯನ್ನು ಕೇಳಬೇಕು, ಒಮ್ಮೆ ಬೇಡವೆಂದರೆ ತುಸು ಹೊತ್ತು ಕಳೆದು ಮತ್ತೊಮ್ಮೆ ಕೇಳಬೇಕು. ಹೂಳಲು ಅವಸರಪಡುವ ನಮ್ಮ ರೂಢಿಯಲ್ಲಿ ಈ ಎರಡನೆಯ ಪ್ರಶ್ನೆಗೆ ಎಡೆಯಿಲ್ಲದಿರುವುದೇ ದೊಡ್ಡ ಕೊರತೆಯೆಂದು ನಮಗೆ ತೋರುತ್ತದೆ. ತಂದೆಯನ್ನು ಕೇಳುವವರಂತೂ ಇನ್ನೂ ಕಡಮೆ.

ನೋಡದಿದ್ದರೆ ಮರೆಯುವಳೆಂಬ ಮಾತನ್ನು ದೇಹವೂ ಒಪ್ಪದು. 1996ರಲ್ಲಿ ಡಯಾನಾ ಬಿಯಾಂಕಿ ಎಂಬ ಅಮೆರಿಕದ ವೈದ್ಯೆ ಮತ್ತು ಅವರ ಸಂಗಡಿಗರು, ಗಂಡುಮಗುವನ್ನು ಹೆತ್ತು 27 ವರ್ಷ ಕಳೆದಿದ್ದ ತಾಯಿಯೊಬ್ಬಳ ರಕ್ತದಲ್ಲಿ ಗಂಡಿನ ಜೀವಕಣಗಳನ್ನು ಕಂಡರು. ಬಸಿರಿನಲ್ಲಿ ಮಾಸನ್ನು ದಾಟಿ ಬಂದ ಶಿಶುವಿನ ಕಣಗಳು ಅವು. ನಿಲ್ಲದೆ ಹೋದ ಬಸಿರುಗಳಿಂದಲೂ ಇಂಥ ಕಣಗಳು ತಾಯಿಯನ್ನು ಸೇರುತ್ತವೆ.

ಕಾನೂನು ಕೂಡ ಈ ಕೂಸನ್ನು ಗಣಿಸುತ್ತದೆ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಮೃತಜನನವನ್ನೂ ಬರೆಸಬೇಕು. ಗರ್ಭಪಾತವಾದ ಉದ್ಯೋಗಸ್ಥೆಗೆ 6 ವಾರಗಳ ಸಂಬಳಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯದ ಕಾಯಿದೆ ಗೊತ್ತುಮಾಡಿತು. ಹೊಲದಲ್ಲಿ ದಿನಗೂಲಿ ಮಾಡುವವಳಿಗೆ ಅದು ದಕ್ಕಲಿಲ್ಲ.

ಹಾಲಿನ ಮಾತು ಉಳಿಯಿತು. ಬಿಗಿತ ತಡೆಯಲಾರದಾಗ ನೆಮ್ಮದಿಯಾಗುವಷ್ಟನ್ನೇ ತೆಗೆಯಬೇಕು. ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಎದೆಗೆ ಆಸರೆಯಾಗುವ ಒಳಉಡುಪು, ತಣ್ಣೀರ ಬಟ್ಟೆ ಸಾಕು. ಜ್ವರ ಬಂದರೆ, ಎದೆ ಕೆಂಪಾಗಿ ನೊಂದರೆ ವೈದ್ಯರಿಗೆ ತೋರಿಸಬೇಕು. ಇಲ್ಲವಾದರೆ ದಿನದಿನಕ್ಕೆ ಕುಗ್ಗುತ್ತ ಕೆಲವು ವಾರಗಳಲ್ಲಿ ಹಾಲು ತಾನಾಗಿಯೇ ಬತ್ತುತ್ತದೆ.