ಅಜ್ಜನ ತಿವುಡೆ, ಮೊಮ್ಮಗನ ಗಿಟಾರ್

ದೀಪಾವಳಿಗೆ ಬೆಂಗಳೂರಿನಿಂದ ಶಿಕಾರಿಪುರಕ್ಕೆ ಬಂದ ಮಗ ಹೋಳಿಗೆ ತಟ್ಟುತ್ತಿದ್ದ ನನ್ನ ಪಕ್ಕ ಕೂತು, "ಅಮ್ಮಾ, ಕೆಲಸ ಬಿಟ್ಟು ಗಿಟಾರ್ ಹೇಳಿಕೊಡೋಣ ಅಂತಿದೀನಿ" ಅಂದ. ಇವರು ಪೇಪರ್ ಮಡಚಿಟ್ಟು ಹೊರಗೆ ಎದ್ದುಹೋದರು.

"ಯಾರನ್ನ ನೋಡಿ ಬಂತೋ ಈ ಧೈರ್ಯ?" ಅಂದರೆ, "ಬ್ರೂಸ್ ಲೀ ಮಣಿ" ಅಂದ. ಕರಾಟೆಯವನೇನೋ ಅಂದುಕೊಂಡೆ, ನಗಬೇಡಿ!

ಆಮೇಲೆ ತಿಳಿಯಿತು, ಇವರು ಬೆಂಗಳೂರಿನ ಗಿಟಾರ್ ವಾದಕ, ಹಾಡುಗಾರರೂ ಹೌದು. 1996ರಲ್ಲಿ ಶುರುವಾದ ಇವರ ತಂಡದ ಹೆಸರು 'ಥರ್ಮಲ್ ಅಂಡ್ ಎ ಕ್ವಾರ್ಟರ್'. ಪ್ರೊಗ್ರೆಸಿವ್ ರಾಕ್, ಜಾಝ್, ಫಂಕ್ ಎಲ್ಲ ಬೆರೆಸಿ, ಅದಕ್ಕೆ 'ಬ್ಯಾಂಗಲೋರ್ ರಾಕ್' ಅಂತ ತಾವೇ ಹೆಸರಿಟ್ಟುಕೊಂಡಿದ್ದಾರೆ. 2012ರಲ್ಲಿ ಒಟ್ಟಿಗೇ ಮೂರು ಡಿಸ್ಕಿನ ಆಲ್ಬಂ ತಂದರು. ಅದರಲ್ಲೊಂದು ಹಾಡಿನ ಹೆಸರು 'ಮೀಟರ್ ಮೇಲೆ ಒನ್ ಅಂಡ್ ಹಾಫ್'. ಬೆಂಗಳೂರಲ್ಲಿ ಆಟೋ ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಹಾಡು ಕಟ್ಟುತ್ತಲೇ ಇಷ್ಟು ವರ್ಷ ಬಂದಿದ್ದಾರೆ. ಜತೆಗೆ 'ಟಾಕಾಡೆಮಿ' ಅನ್ನೋ ಸಂಗೀತ ಶಾಲೆಯನ್ನೂ ಕಟ್ಟಿದ್ದಾರೆ.

ಮಾರನೇ ದಿನ ಸೊರಬದ ಹತ್ತಿರದ ನನ್ನ ತವರಿಗೆ ಹೋದೆವು. ಅಪ್ಪ ಪ್ರಾಯದಲ್ಲಿ ಯಕ್ಷಗಾನಕ್ಕೆ ಮದ್ದಲೆ ಬಾರಿಸಿದವರು. "ಅದೇನೋ ಪ್ರೊಗ್ರೆಸಿವ್ ಅಂದ್ರೆ?" ಅಂತ ಕೇಳಿದರು. ಮಗ ಮೊಬೈಲಲ್ಲಿ ಪಿಂಕ್ ಫ್ಲಾಯ್ಡ್ ತಂಡದ 1973ರ 'ಮನಿ' ಹಾಕಿದ. ಮೊದಲಿಗೆ ಕಾಸಿನ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು. "ಚಿಲ್ಲರೆ ಎಣಿಸ್ತಿದಾರಾ?" ಅಂದ ಅಪ್ಪನ ಬೆರಳು ಅಷ್ಟರಲ್ಲಾಗಲೇ ತೊಡೆ ಮೇಲೆ ಓಡುತ್ತಿತ್ತು. "ಏಳಕ್ಷರ! ತಿವುಡೆ ಅಲ್ಲವೇನೋ ಇದು?"

ಡೇವಿಡ್ ಗಿಲ್ಮೋರ್ ಅವರ ಗಿಟಾರ್ ಸರದಿ ಬಂದಾಗ ಅಪ್ಪ ಮತ್ತೆ ಕೈಯೆತ್ತಿದರು. "ನೋಡು, ಈಗ ನಾಲ್ಕಕ್ಕೆ ಬಂದ. ಏಕತಾಳ." ಮಗ ಬಾಯಿ ಬಿಟ್ಟುಕೊಂಡು ನೋಡಿದ. ನಿಜಕ್ಕೂ ಆ ಹಾಡು ಅಲ್ಲಿ ಏಳರಿಂದ ನಾಲ್ಕಕ್ಕೆ ಹೊರಳುತ್ತದಂತೆ. ನಾಲ್ಕರ ಹದದಲ್ಲೇ ನಡೆಯುತ್ತಿದ್ದ ರಾಕ್ ಸಂಗೀತದಲ್ಲಿ ಹೀಗೆ ಏಳು, ಐದು ಅಂತ ತಾಳ ಬದಲಿಸುವುದು, ಹಾಡನ್ನು ಕಥೆಯ ಹಾಗೆ ಬೆಳೆಸುವುದು ಪ್ರೊಗ್ರೆಸಿವ್‌ನವರ ರೂಢಿ. ನಮ್ಮ ಭಾಗವತರಿಗೆ ಇದೇನು ಹೊಸದೇ ಹೇಳಿ!

ಹಾಡು ಮುಗಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಪ್ಪ ಮದ್ದಲೆ ಬಿಡು ಅಂದ, ಬಿಟ್ಟೆ. ತೋಟ ಇತ್ತಲ್ಲ. ಇವನಿಗೇನಿದೆ?"

"ಅದೇ ಅಪ್ಪಾ ನನ್ನ ಭಯ" ಅಂದೆ.

"ನಾನು ಕೇಳಿದ್ದು ಅದಲ್ಲ. ಬಿಟ್ಟರೆ ಇವನಿಗೇನು ಉಳಿಯತ್ತೆ ಅಂತ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಟ್ಟದ ಮೇಲಿನ ಮದ್ದಲೆಯನ್ನು ಮಗನೇ ಇಳಿಸಿದ. ಚರ್ಮ ಸಡಿಲವಾಗಿತ್ತು, ಒಂದು ಕಡೆ ಇಲಿ ಕಡಿದಿತ್ತು.

ಈಗ ಶನಿವಾರ, ಭಾನುವಾರ ಐದು ಮಕ್ಕಳಿಗೆ ಪಾಠ ಹೇಳುತ್ತಿದ್ದಾನೆ. ಕೆಲಸ ಬಿಟ್ಟಿಲ್ಲ, ಒಂದು ವರ್ಷದ ಬಾಡಿಗೆ ಕೂಡಿಟ್ಟ ಮೇಲೆ ನೋಡೋಣ ಅಂತ ಮಾತಾಗಿದೆ. ಇವರು ಈ ವಿಷಯ ಎತ್ತುವುದೇ ಇಲ್ಲ. ಆದರೆ ಮೊನ್ನೆ, ಗಿಟಾರ್ ತಂತಿ ಒಂದು ಸೆಟ್ಟಿಗೆ ಎಷ್ಟಾಗತ್ತೆ ಅಂತ ನನ್ನನ್ನು ಕೇಳಿದರು.