ಬೋರ್ಡು ಅಮೆರಿಕದ್ದು, ಕಾಯ್ದೆ ಕರ್ನಾಟಕದ್ದು

ಹುಲಿಕೆರೆ, ಹಳೇಬೀಡು ಕಡೆಯ ಹುಡುಗರು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಪಿಜ್ಜಾ, ಬರ್ಗರ್ ಮಳಿಗೆ ಸೇರಿದರೆ ವಿದೇಶಿ ಕಂಪನಿ ಸೇರಿದ ಹಾಗೆಯೇ? ಇಲ್ಲ, ವಿದೇಶಿ ಆಗಿರುವುದು ಹೆಸರು ಮಾತ್ರ. ಡಾಮಿನೋಸ್ ನಡೆಸುವುದು ನೊಯ್ಡಾದ ಜ್ಯುಬಿಲೆಂಟ್, ನಮ್ಮ ಕಡೆಯ ಮೆಕ್‌ಡೊನಾಲ್ಡ್ಸ್ ನಡೆಸುವುದು ಮುಂಬೈನ ವೆಸ್ಟ್‌ಲೈಫ್. ಸಂಬಳ ಕೊಡುವ ಧಣಿ ಇಲ್ಲಿಯವನೇ. ಅವನನ್ನು ಕಟ್ಟಿಹಾಕುವುದೂ ಇಲ್ಲಿಯದೇ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ: ದಿನಕ್ಕೆ 9 ಗಂಟೆ, ವಾರಕ್ಕೆ 48, ವಾರಕ್ಕೊಂದು ರಜೆ, ಮೀರಿ ದುಡಿದರೆ ದುಪ್ಪಟ್ಟು ಕೂಲಿ.

‘ಊರಿನ ಹೋಟೆಲಿಗಿಂತ ಇವರೇ ವಾಸಿ, ಪಿಎಫ್ ಆದರೂ ಕಟ್ಟುತ್ತಾರೆ’ ಅನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಪಿಎಫ್ ಯಾರ ಕೃಪೆಯೂ ಅಲ್ಲ, 20 ಮಂದಿ ದುಡಿಯುವ ಸಂಸ್ಥೆಗೆ ಅದು ಕಡ್ಡಾಯ. ದರ್ಶಿನಿ ಮಾಲೀಕ ಕಾಯ್ದೆ ಮೀರಿದರೆ ಪಿಜ್ಜಾ ಮಾಲೀಕನಿಗೆ ರಿಯಾಯಿತಿ ಸಿಗುವುದೂ ಇಲ್ಲ. ‘ಓದುವ ಹುಡುಗರ ಪಾರ್ಟ್‌ಟೈಮ್ ತಾನೆ?’ ಎಂಬುದು ಇನ್ನೂ ಪೊಳ್ಳು. ಕಾದ ಎಣ್ಣೆ ಕಾಲೇಜಿನ ಗುರುತಿನ ಚೀಟಿ ಕೇಳುವುದಿಲ್ಲ. ಬಾಗಿಲು ಹಾಕಿದ ಮೇಲೆ ನೆಲ ಒರೆಸಿ, ಫ್ರೈಯರ್ ತೊಳೆಯುವ ಹೊತ್ತೂ ದುಡಿಮೆಯ ಲೆಕ್ಕಕ್ಕೇ ಸೇರಬೇಕು. ನೇಮಕಾತಿ ಪತ್ರ ಕೇಳಿ ಪಡೆಯಿರಿ, ದಿನದ ಗಂಟೆಗಳನ್ನು ಫೋನಿನಲ್ಲಿ ಬರೆದಿಡಿ. ಕೂಲಿ ಕಡಿಮೆ ಬಂದರೆ ಅದನ್ನೇ ಹಿಡಿದು ಕಾರ್ಮಿಕ ಇಲಾಖೆಗೆ ದೂರು ಕೊಡಿ.