ಬಯಲಿನಿಂದ ಮತ್ತೆ ಎದ್ದ ವಿಂಬಲ್ಡನ್

2002ರ ಜೂನ್ 29, ಶನಿವಾರ. ವಿಂಬಲ್ಡನ್‌ನಲ್ಲಿ ಟೆನಿಸ್ ಜಾತ್ರೆಯ ಮೊದಲ ವಾರ ಮುಗಿಯುತ್ತಿತ್ತು. ಅದೇ ಊರಿನ ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಅಂದು 230 ಮಂದಿ ಬೂಟು ಕಟ್ಟಿಕೊಂಡು ಬಂದು ನಿಂತಿದ್ದರು. ಆಗಷ್ಟೇ ಹುಟ್ಟಿದ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಆಟಗಾರರ ಆಯ್ಕೆ ನಡೆಯಲಿತ್ತು. ತಂಡಕ್ಕೆ ಇನ್ನೂ ಆಟಗಾರರಿಲ್ಲ, ಆದರೆ ಸಾವಿರಾರು ಅಭಿಮಾನಿಗಳು ಆಗಲೇ ಇದ್ದರು. ಎಎಫ್‌ಸಿ ವಿಂಬಲ್ಡನ್ ಕಥೆ ಹೀಗೆ ತಲೆಕೆಳಗಾಗಿಯೇ ಶುರುವಾಗುತ್ತದೆ.

ಆ ಬಯಲನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. 1889ರಲ್ಲಿ ಸ್ಥಳೀಯ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ‘ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್’ ಹೆಸರಿನ ತಂಡ ಕಟ್ಟಿ ಆಡಿದ್ದು ಅಲ್ಲೇ. 1912ರಲ್ಲಿ ಆ ತಂಡಕ್ಕೆ ಪ್ಲೋ ಲೇನ್‌ನಲ್ಲಿ ಸ್ವಂತ ಅಂಗಳ ಸಿಕ್ಕಿತು. ದಶಕಗಳ ಕಾಲ ಅದು ಹವ್ಯಾಸಿಗಳ ತಂಡವಾಗಿಯೇ ಉಳಿಯಿತು. 1963ರ ಅಮೆಚೂರ್ ಕಪ್ ಫೈನಲ್‌ನಲ್ಲಿ ಸಟನ್ ಯುನೈಟೆಡ್ ವಿರುದ್ಧ ಎಡ್ಡಿ ರೆನಾಲ್ಡ್ಸ್ ನಾಲ್ಕು ಗೋಲು ಹೊಡೆದ, ನಾಲ್ಕೂ ತಲೆಯಿಂದ. 1977ರಲ್ಲಿ ಫುಟ್‌ಬಾಲ್ ಲೀಗ್ ಪ್ರವೇಶ. ಅಲ್ಲಿಂದ ಒಂಬತ್ತೇ ವರ್ಷಕ್ಕೆ ಇಂಗ್ಲೆಂಡಿನ ಅತ್ಯುನ್ನತ ದರ್ಜೆ. 1988ರ ಮೇ 14ರಂದು ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ಲಾರಿ ಸ್ಯಾಂಚೆಜ್ ತಲೆಯಿಂದ ಚೆಂಡನ್ನು ಗೂಡಿಗೆ ಸೇರಿಸಿದ. ಜಾನ್ ಆಲ್ಡ್ರಿಜ್ ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ಡೇವ್ ಬೆಸಂಟ್ ತನ್ನ ಎಡಕ್ಕೆ ಹಾರಿ ತಡೆದ. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದ ಮೊದಲ ಗೋಲ್‌ಕೀಪರ್ ಅವನೇ. ಅಂತಿಮ ಅಂಕ 1-0.

ಕಪ್ ಗೆದ್ದ ಮೂರೇ ವರ್ಷಕ್ಕೆ ತಂಡ ಮನೆ ಕಳೆದುಕೊಂಡಿತು. ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನ ದುರಂತದ ನಂತರ ದೊಡ್ಡ ದರ್ಜೆಯ ಮೈದಾನಗಳಲ್ಲಿ ಪ್ರೇಕ್ಷಕರೆಲ್ಲರಿಗೂ ಆಸನ ಇರಲೇಬೇಕೆಂಬ ನಿಯಮ ಬಂತು. ಹಳೆಯ ಪ್ಲೋ ಲೇನ್ ಅದಕ್ಕೆ ಒಗ್ಗುವುದಿಲ್ಲವೆಂದು 1991ರಲ್ಲಿ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್‌ನ ಸೆಲ್ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಅಂದುಕೊಂಡ ಬಾಡಿಗೆ ವರ್ಷಗಟ್ಟಲೆ ಎಳೆಯಿತು. ಒಡೆತನ ಕೈ ಬದಲಾಯಿತು. 2000ದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಜಾರಿತು. ಮರುವರ್ಷ ಮಾಲೀಕರು, ಸುಮಾರು 90 ಕಿ.ಮೀ. ಆಚೆಯ ಮಿಲ್ಟನ್ ಕೀನ್ಸ್‌ಗೆ ಕ್ಲಬ್ಬನ್ನೇ ಕೊಂಡೊಯ್ಯುತ್ತೇವೆ ಎಂದರು.

ಕೊನೆಗೆ ಈ ಸ್ಥಳಾಂತರವನ್ನು ತೀರ್ಮಾನಿಸಲು ಮೂವರು ಸದಸ್ಯರ ಆಯೋಗವೊಂದು ಕುಳಿತಿತು. 2002ರ ಮೇ 28ರಂದು ಇಬ್ಬರು ಹೂಂ ಎಂದರು, ಒಬ್ಬರು ಉಹೂಂ ಎಂದರು. ಇಷ್ಟಕ್ಕೇ ನೂರಹದಿಮೂರು ವರ್ಷಗಳ ನಂಟು ಕಡಿದುಬಿತ್ತು. ವಿಂಬಲ್ಡನ್‌ನಲ್ಲಿ ಬೇರೆ ತಂಡ ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ತಕ್ಕದ್ದಲ್ಲವೆಂದೂ ಆಯೋಗ ಬರೆಯಿತು. ಆ ತೀರ್ಪು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ. ಒಂದು ಊರಿನ ಹೆಸರನ್ನು ಮೈಮೇಲೆ ಹೊತ್ತ ತಂಡವನ್ನು ಅಂಗಡಿ ಎತ್ತಿದಂತೆ ಬೇರೆಡೆಗೆ ಎತ್ತಲಾಗದು.

ಅಭಿಮಾನಿಗಳು ಮೊಕದ್ದಮೆ ಹೂಡುತ್ತ ಕೂರಲಿಲ್ಲ, ವಾರಗಳಲ್ಲೇ ಹೊಸ ಕ್ಲಬ್ ಕಟ್ಟಿದರು. ಜುಲೈ 10ರ ಮೊದಲ ಸೌಹಾರ್ದ ಪಂದ್ಯದಲ್ಲಿ ಸಟನ್ ಯುನೈಟೆಡ್ ಎದುರು 4-0ಯಿಂದ ಸೋತರು. ಆ ಸೋಲನ್ನು ನೋಡಲು ಸೇರಿದವರು 4,657 ಜನ! ಕಂಬೈನ್ಡ್ ಕೌಂಟೀಸ್ ಲೀಗ್‌ನಂಥ ಬಹು ಕೆಳಗಿನ ಮೆಟ್ಟಿಲಿನಿಂದ ಆಟ ಆರಂಭವಾಯಿತು. 2003ರ ಫೆಬ್ರುವರಿಯಿಂದ 2004ರ ಡಿಸೆಂಬರ್‌ವರೆಗೆ ಸತತ 78 ಲೀಗ್ ಪಂದ್ಯಗಳಲ್ಲಿ ತಂಡ ಸೋಲಲಿಲ್ಲ. ಇಂಗ್ಲೆಂಡಿನ ಸೀನಿಯರ್ ಫುಟ್‌ಬಾಲಿನಲ್ಲಿ ಅದೊಂದು ದಾಖಲೆ. 2011ರ ಮೇ 21ರಂದು ಮ್ಯಾಂಚೆಸ್ಟರ್‌ನಲ್ಲಿ ಲೂಟನ್ ಟೌನ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಫುಟ್‌ಬಾಲ್ ಲೀಗ್ ಒಳಗೆ ಕಾಲಿಟ್ಟರು. ಒಂಬತ್ತು ಋತುಗಳಲ್ಲಿ ಐದು ಬಡ್ತಿ.

ಕ್ಲಬ್ಬಿನ ಬಹುಪಾಲು ಒಡೆತನ ಇರುವುದು ‘ಡಾನ್ಸ್ ಟ್ರಸ್ಟ್’ ಕೈಯಲ್ಲಿ. ಅದು ಅಭಿಮಾನಿಗಳದೇ ಸಂಘ. ಸದಸ್ಯರಿಗೆ ತಲೆಗೊಂದು ಮತ. ನಮ್ಮ ಹಾಲಿನ ಸಹಕಾರ ಸಂಘಗಳನ್ನು ಕಂಡವರಿಗೆ ಈ ಏರ್ಪಾಡು ತಕ್ಷಣ ಅರ್ಥವಾಗುತ್ತದೆ. ಅದರಲ್ಲಿ ಹಣ ಸದಾ ಬಿಗಿ, ಏಳುಬೀಳು ತಪ್ಪದು. 2016ರಲ್ಲಿ ಮೂರನೇ ದರ್ಜೆಗೆ ಏರಿ, 2022ರಲ್ಲಿ ಇಳಿದು, 2025ರ ಮೇನಲ್ಲಿ ವಾಲ್ಸಾಲ್ ವಿರುದ್ಧ ಗೆದ್ದು ಮತ್ತೆ ಏರಿದ್ದಾರೆ. ಅತ್ತ ಮಿಲ್ಟನ್ ಕೀನ್ಸ್‌ನ ತಂಡ 2004ರಲ್ಲಿ ಎಂಕೆ ಡಾನ್ಸ್ ಎಂಬ ಹೆಸರು ಪಡೆಯಿತು. 2007ರಲ್ಲಿ 1988ರ ಕಪ್ಪಿನ ಪ್ರತಿಕೃತಿ ಮುಂತಾದ ನೆನಪಿನ ಸೊತ್ತುಗಳನ್ನು ವಿಂಬಲ್ಡನ್ ಸೇರಿದ ಮರ್ಟನ್ ಸ್ಥಳೀಯಾಡಳಿತಕ್ಕೆ ಒಪ್ಪಿಸಿತು.

ಕಪ್ಪಿನ ನೆನಪು ಊರಿಗೆ ಬಂತು, ಅಂಗಳ ಬರಬೇಕಿತ್ತು. ಹಳೆಯ ಪ್ಲೋ ಲೇನ್ ಇದ್ದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಅದೇ ರಸ್ತೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ನಾಯಿ ಓಟದ ಮೈದಾನದ ಜಾಗ ದೊರೆಯಿತು. ಕಟ್ಟಡಕ್ಕೆ ಹಣ ಸಾಲದಾದಾಗ ಅಭಿಮಾನಿಗಳು ಬಾಂಡ್ ಕೊಂಡು 50 ಲಕ್ಷ ಪೌಂಡ್‌ಗೂ ಹೆಚ್ಚು ಕೂಡಿಸಿದರು. 2020ರ ನವೆಂಬರ್ 3ರ ರಾತ್ರಿ ಡಾಂಕಾಸ್ಟರ್ ರೋವರ್ಸ್ ಎದುರು ಅಲ್ಲಿ ಮೊದಲ ಪಂದ್ಯ ನಡೆಯಿತು. ಕೊರೊನಾ ಕಾಲ, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿತ್ತು. 29 ವರ್ಷ ಕಾದವರು ಮನೆಯ ಪರದೆಗಳ ಮುಂದೆ ಕುಳಿತಿದ್ದಾಗ, ಅವರ ದುಡ್ಡಿನಲ್ಲಿ ಎದ್ದ ಖಾಲಿ ಆಸನಗಳ ನಡುವೆ ಜೋ ಪಿಗಟ್ ಹೊಸ ಅಂಗಳದ ಮೊದಲ ಗೋಲು ಹೊಡೆದ.